ಈ ಟೂರ್ನಿ ಯಾರದ್ದು, ಗೆದ್ದರೆ ಎಲ್ಲಿಗೆ? ಫುಟ್‌ಬಾಲ್ ಒಕ್ಕೂಟಗಳನ್ನು ಅರ್ಥ ಮಾಡಿಕೊಳ್ಳುವ ದಾರಿ

‘ಸ್ಯಾಫ್ ಕಪ್ ಗೆದ್ದವರು ಏಷ್ಯಾ ಕಪ್‌ಗೆ ಹೋಗುತ್ತಾರಾ?’ ‘ಆಸ್ಟ್ರೇಲಿಯಾ ಏಷ್ಯಾದ ಟೂರ್ನಿಯಲ್ಲಿ ಹೇಗೆ ಆಡುತ್ತದೆ?’ ‘ಕೊಪಾ ಅಮೆರಿಕದಲ್ಲಿ ಕತಾರ್‌ಗೆ ಏನು ಕೆಲಸ?’ ಓದುಗರು ತಿರುತಿರುಗಿ ಕೇಳುವ ಪ್ರಶ್ನೆಗಳಿವು. ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರ ಹೇಳಿದರೆ ಮುಂದಿನ ಟೂರ್ನಿ ಬಂದಾಗ ಮತ್ತೆ ಅದೇ ಗೊಂದಲ. ಹಾಗಾಗಿ ಯಾವುದೇ ಟೂರ್ನಿ ಎದುರಾದರೂ ನೀವೇ ಉತ್ತರ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ.

ನಾನು ಒತ್ತಿ ಹೇಳುವುದು ಇಷ್ಟೇ: ಮೊದಲು ಟೂರ್ನಿ ಯಾರದ್ದು ಎಂದು ನೋಡಿ. ಆಟಗಾರರ ಅರ್ಹತೆ, ರ‍್ಯಾಂಕಿಂಗ್ ಅಂಕ, ಮುಂದಿನ ಟೂರ್ನಿಯ ಟಿಕೆಟ್ ಎಲ್ಲವೂ ಆ ಒಂದು ಉತ್ತರದ ಹಿಂದೆಯೇ ಬರುತ್ತವೆ.

ಕೈಯಲ್ಲಿ ಏನೇನು ಇರಬೇಕು

ಟೂರ್ನಿಯ ಪೂರ್ತಿ ಹೆಸರು, ಸಂಘಟಕರ ಅಧಿಕೃತ ಜಾಲತಾಣದಲ್ಲಿ ಸಿಗುವ ನಿಯಮಾವಳಿ ಮತ್ತು ಫಿಫಾದ ಅಂತರರಾಷ್ಟ್ರೀಯ ಪಂದ್ಯಗಳ ಕ್ಯಾಲೆಂಡರ್. ಇಷ್ಟಿದ್ದರೆ ಸಾಕು. ನಿಯಮಾವಳಿ ಎಷ್ಟೋ ಪುಟಗಳಿರಬಹುದು, ಹೆದರಬೇಡಿ. ಅದರಲ್ಲಿ ನಿಮಗೆ ಬೇಕಾದದ್ದು ನಾಲ್ಕೈದು ಕಲಮು ಮಾತ್ರ. ಯಾವ್ಯಾವುದು ಎಂದು ಮುಂದೆ ಹೇಳುತ್ತೇನೆ.

ಹಂತ 1: ಹೆಸರನ್ನು ಪೂರ್ತಿ ಓದಿ

ಹಿರಿಯರ ತಂಡವೋ, 23 ವರ್ಷದೊಳಗಿನವರದೋ, 17ರೊಳಗಿನವರದೋ? ಪುರುಷರದೋ, ಮಹಿಳೆಯರದೋ? ರಾಷ್ಟ್ರೀಯ ತಂಡಗಳದೋ, ಕ್ಲಬ್‌ಗಳದೋ? ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಎಚ್ಚರಿಕೆ ಒಂದು: ಹೆಸರಿನಲ್ಲಿರುವ ವರ್ಷವನ್ನೇ ನಂಬಬೇಡಿ. ‘ಯೂರೊ 2020’ ನಡೆದದ್ದು 2021ರಲ್ಲಿ. ‘ಏಷ್ಯಾ ಕಪ್ 2023’ ಕತಾರ್‌ನಲ್ಲಿ 2024ರ ಜನವರಿ–ಫೆಬ್ರುವರಿಯಲ್ಲಿ ನಡೆಯಿತು. ‘ಆಫ್ರಿಕಾ ನೇಷನ್ಸ್ ಕಪ್ 2023’ ಕೂಡ ಅದೇ ತಿಂಗಳುಗಳಲ್ಲಿ ಐವರಿ ಕೋಸ್ಟ್‌ನಲ್ಲಿ ಆಯಿತು.

ಎಚ್ಚರಿಕೆ ಎರಡು: ಪ್ರಾಯೋಜಕರು ಬದಲಾದಂತೆ ಹೆಸರೂ ಬದಲಾಗುತ್ತದೆ. ಆಗ್ನೇಯ ಏಷ್ಯಾದ ಚಾಂಪಿಯನ್‌ಷಿಪ್ 1996ರಲ್ಲಿ ‘ಟೈಗರ್ ಕಪ್’ ಆಗಿ ಹುಟ್ಟಿ, ಮುಂದೆ ‘ಸುಜುಕಿ ಕಪ್’ ಆಗಿ, ಆಮೇಲೆ ‘ಮಿತ್ಸುಬಿಷಿ ಎಲೆಕ್ಟ್ರಿಕ್ ಕಪ್’ ಎನಿಸಿತು. ಟೂರ್ನಿ ಒಂದೇ, ದಾಖಲೆಯ ಪುಸ್ತಕವೂ ಒಂದೇ.

ಎಚ್ಚರಿಕೆ ಮೂರು: ಏಷ್ಯನ್ ಗೇಮ್ಸ್ ಬೇರೆ, ಏಷ್ಯಾ ಕಪ್ ಬೇರೆ. ಭಾರತ 1951 ಮತ್ತು 1962ರಲ್ಲಿ ಚಿನ್ನ ಗೆದ್ದದ್ದು ಏಷ್ಯನ್ ಗೇಮ್ಸ್‌ನಲ್ಲಿ. ಈ ಕ್ರೀಡಾಕೂಟ ಇಂದು ಏಷ್ಯಾ ಒಲಿಂಪಿಕ್ ಕೌನ್ಸಿಲ್‌ನದು. ಏಷ್ಯಾ ಕಪ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ 1964ರ ಎರಡನೇ ಸ್ಥಾನ. ಎರಡನ್ನೂ ಬೆರೆಸಿ ‘ನಾವು ಎರಡು ಸಲ ಏಷ್ಯಾ ಚಾಂಪಿಯನ್’ ಎಂದು ಬರೆದವರನ್ನು ಬಹಳ ಕಂಡಿದ್ದೇನೆ. ಆ ಎರಡು ಚಿನ್ನಗಳ ಹೆಮ್ಮೆ ದೊಡ್ಡದು, ಅದನ್ನು ಸರಿಯಾದ ಹೆಸರಿನಲ್ಲೇ ಹೇಳೋಣ.

ಹಂತ 2: ಆರು ಖಂಡೀಯ ಒಕ್ಕೂಟಗಳಲ್ಲಿ ಯಾವುದೆಂದು ಗುರುತಿಸಿ

ಜಗತ್ತಿನ ಫುಟ್‌ಬಾಲ್‌ಗೆ ಮೇಲಿನ ಸಂಸ್ಥೆ ಫಿಫಾ. ಅದರ ಸದಸ್ಯ ಸಂಸ್ಥೆಗಳು 211. ಫಿಫಾ ಮತ್ತು ರಾಷ್ಟ್ರೀಯ ಸಂಸ್ಥೆಗಳ ನಡುವೆ ಖಂಡೀಯ ಒಕ್ಕೂಟಗಳಿವೆ. ಅಂದರೆ ಒಂದು ಭೂಭಾಗದ ರಾಷ್ಟ್ರೀಯ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಆಡಳಿತ ಸಂಸ್ಥೆಗಳು.

ಎಲ್ಲಕ್ಕಿಂತ ಹಳೆಯದು ದಕ್ಷಿಣ ಅಮೆರಿಕದ ಕಾನ್‌ಮೆಬಾಲ್. 1916ರಲ್ಲಿ ಹುಟ್ಟಿದ್ದು, ಸದಸ್ಯರು ಕೇವಲ 10. ಕೊಪಾ ಅಮೆರಿಕ ಮತ್ತು ಕ್ಲಬ್‌ಗಳ ಕೊಪಾ ಲಿಬರ್ತದೋರೆಸ್ ಇದರವು. ಯುರೋಪಿನ ಯುಇಎಫ್‌ಎ 1954ರದು, 55 ಸದಸ್ಯರು. ಯೂರೊ, ನೇಷನ್ಸ್ ಲೀಗ್, ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಎಲ್ಲ ಅದರ ಕೈಯಲ್ಲಿವೆ. ಏಷ್ಯಾದ ಎಎಫ್‌ಸಿ ಕೂಡ 1954ರಲ್ಲೇ ಮನಿಲಾದಲ್ಲಿ ಶುರುವಾಯಿತು. 47 ಸದಸ್ಯರು, ಕೇಂದ್ರ ಕಚೇರಿ ಕ್ವಾಲಾಲಂಪುರ. ಏಷ್ಯಾ ಕಪ್ 1956ರಿಂದ ನಡೆಯುತ್ತಿದೆ. ಆಫ್ರಿಕಾದ ಸಿಎಎಫ್ 1957ರದು, 54 ಸದಸ್ಯರು. ಅದರ ನೇಷನ್ಸ್ ಕಪ್ ಅದೇ ವರ್ಷ ಸುಡಾನ್‌ನಲ್ಲಿ ಮೂರೇ ತಂಡಗಳೊಂದಿಗೆ ಆರಂಭವಾಯಿತು. ವರ್ಣಭೇದ ನೀತಿಯ ಕಾರಣಕ್ಕೆ ದಕ್ಷಿಣ ಆಫ್ರಿಕಾ ಆಡಲಿಲ್ಲ. ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ಸೇರಿ ಕಾನ್‌ಕಕಾಫ್ (1961, 41 ಸದಸ್ಯರು), ಅದರ ಮುಖ್ಯ ಟೂರ್ನಿ ಗೋಲ್ಡ್ ಕಪ್. ಕೊನೆಗೆ ಓಷಿಯಾನಿಯಾದ ಒಎಫ್‌ಸಿ (1966), ಅದರ ಟೂರ್ನಿ ಒಎಫ್‌ಸಿ ನೇಷನ್ಸ್ ಕಪ್.

ಟೂರ್ನಿಯ ಸಂಘಟಕರಾಗಿ ಈ ಆರರಲ್ಲಿ ಒಂದರ ಹೆಸರಿದ್ದರೆ ಅದು ಖಂಡೀಯ ಮಟ್ಟದ್ದು. ಇಲ್ಲದಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಉಪವಲಯದ ಒಕ್ಕೂಟವೋ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಖಂಡದೊಳಗೆ ಅಕ್ಕಪಕ್ಕದ ದೇಶಗಳು ಸೇರಿ ಮಾಡಿಕೊಂಡ ಚಿಕ್ಕ ಒಕ್ಕೂಟಗಳಿವೆ. ಇವನ್ನು ಉಪವಲಯ ಒಕ್ಕೂಟ ಎನ್ನೋಣ. ಏಷ್ಯಾದಲ್ಲಿ ಐದಿವೆ: ದಕ್ಷಿಣ ಏಷ್ಯಾದ ಸ್ಯಾಫ್ (1997), ಆಗ್ನೇಯದ ಆಸಿಯಾನ್ ಒಕ್ಕೂಟ (1984), ಪೂರ್ವದ ಇಎಎಫ್‌ಎಫ್ (2002), ಪಶ್ಚಿಮದ ಡಬ್ಲ್ಯುಎಎಫ್‌ಎಫ್ (2001), ಮಧ್ಯ ಏಷ್ಯಾದ ಸಿಎಎಫ್‌ಎ. ಸ್ಯಾಫ್‌ನಲ್ಲಿ ಈಗ ಏಳು ಸದಸ್ಯರು: ಭಾರತ, ಬಾಂಗ್ಲಾದೇಶ, ಭೂತಾನ್, ಮಾಲ್ದೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ. ಮೊದಲು ಅಫ್ಗಾನಿಸ್ತಾನವೂ ಇತ್ತು. 2015ರಲ್ಲಿ ಅದು ಮಧ್ಯ ಏಷ್ಯಾದ ಕಡೆಗೆ ಹೋಯಿತು.

ಆಫ್ರಿಕಾದಲ್ಲಿ ದಕ್ಷಿಣಕ್ಕೆ ಕೊಸಾಫಾ, ಪೂರ್ವ ಮತ್ತು ಮಧ್ಯಕ್ಕೆ ಸೆಕಾಫಾ, ಪಶ್ಚಿಮಕ್ಕೆ ವಾಫು ಹೀಗೆ ಹಂಚಿಕೆಯಿದೆ. ಕಾನ್‌ಕಕಾಫ್‌ನೊಳಗೆ ಕೆರಿಬಿಯನ್ ದೇಶಗಳದೊಂದು, ಮಧ್ಯ ಅಮೆರಿಕದ್ದೊಂದು, ಉತ್ತರದ್ದೊಂದು ಗುಂಪಿದೆ. ಹತ್ತೇ ಸದಸ್ಯರ ಕಾನ್‌ಮೆಬಾಲ್‌ಗೆ ಇಂಥ ವಿಭಾಗಗಳ ಅಗತ್ಯವೇ ಬಿದ್ದಿಲ್ಲ.

ಖಂಡದ ಗಡಿಗೆ ಒಳಪಡದ ಒಕ್ಕೂಟಗಳೂ ಇವೆ. ಅರಬ್ ದೇಶಗಳ ಫುಟ್‌ಬಾಲ್ ಸಂಘಟನೆಯಲ್ಲಿ ಏಷ್ಯಾದವರೂ ಆಫ್ರಿಕಾದವರೂ ಇದ್ದಾರೆ. 1963ರಲ್ಲಿ ಶುರುವಾದ ಅರಬ್ ಕಪ್ ಆ ವಲಯದ್ದು, ಆದರೆ 2021ರ ಆವೃತ್ತಿಯನ್ನು ಕತಾರ್‌ನಲ್ಲಿ ನಡೆಸಿದ್ದು ಫಿಫಾ. ಹೀಗೆ ಒಂದೇ ಟೂರ್ನಿಯ ಸಂಘಟಕರು ಬದಲಾಗಬಹುದು, ಆದ್ದರಿಂದ ಪ್ರತಿ ಆವೃತ್ತಿಗೂ ಹೊಸದಾಗಿ ನೋಡಬೇಕು.

ಹಂತ 4: ಆ ತಂಡ ಅಲ್ಲಿ ಯಾಕಿದೆ?

ಮೂರು ಉತ್ತರಗಳು ಸಾಧ್ಯ: ಸದಸ್ಯತ್ವ, ವಲಸೆ ಅಥವಾ ಆಹ್ವಾನ.

ಸದಸ್ಯತ್ವ ಭೂಪಟದ ಪ್ರಕಾರವೇ ಇರಬೇಕೆಂದಿಲ್ಲ. ಗಯಾನಾ ಮತ್ತು ಸುರಿನಾಮ್ ದಕ್ಷಿಣ ಅಮೆರಿಕದ ನೆಲದಲ್ಲಿದ್ದರೂ ಆಡುವುದು ಕಾನ್‌ಕಕಾಫ್‌ನಲ್ಲಿ. ವಲಸೆಗೆ ಪ್ರಸಿದ್ಧ ಉದಾಹರಣೆ ಆಸ್ಟ್ರೇಲಿಯಾ. 2001ರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಅದು ಅಮೆರಿಕನ್ ಸಮೋವಾವನ್ನು 31–0ಯಿಂದ ಸೋಲಿಸಿತ್ತು. ಅಂಥ ಪಂದ್ಯಗಳಿಂದ ಯಾವ ತಂಡಕ್ಕೂ ಪ್ರಯೋಜನವಿಲ್ಲ. 2006ರಲ್ಲಿ ಎಎಫ್‌ಸಿ ಸೇರಿದ ಆಸ್ಟ್ರೇಲಿಯಾ, 2015ರಲ್ಲಿ ಏಷ್ಯಾ ಕಪ್ ಎತ್ತಿತು. ಕಜಕಸ್ತಾನ 2002ರಲ್ಲಿ ಏಷ್ಯಾ ಬಿಟ್ಟು ಯುರೋಪಿಗೆ ಹೋಯಿತು. 1974ರಲ್ಲಿ ಎಎಫ್‌ಸಿಯಿಂದ ಹೊರಬಿದ್ದ ಇಸ್ರೇಲ್ 1994ರಲ್ಲಿ ಯುಇಎಫ್‌ಎ ಸದಸ್ಯನಾಯಿತು.

ಇನ್ನು ಆಹ್ವಾನ. ಹತ್ತು ತಂಡಗಳಿಂದ ಟೂರ್ನಿಯ ಪಟ್ಟಿ ಸರಿಯಾಗಿ ಕೂರುವುದಿಲ್ಲವೆಂದು ಕೊಪಾ ಅಮೆರಿಕ 1993ರಿಂದ ಹೊರಗಿನವರನ್ನು ಕರೆಯುತ್ತಿದೆ. ಅದೇ ಮೊದಲ ಸಲ ಮೆಕ್ಸಿಕೊ ಫೈನಲ್ ತಲುಪಿತು. 2019ರಲ್ಲಿ ಜಪಾನ್ ಮತ್ತು ಕತಾರ್ ಬಂದಿದ್ದವು. ಸ್ಯಾಫ್ ಚಾಂಪಿಯನ್‌ಷಿಪ್‌ಗೆ 2023ರಲ್ಲಿ ಪಶ್ಚಿಮ ಏಷ್ಯಾದ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದವು. ಫೈನಲ್‌ನಲ್ಲಿ 1–1 ಸಮ ಆದ ಮೇಲೆ ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ 5–4ರಿಂದ ಗೆದ್ದದ್ದು ಅತಿಥಿ ಕುವೈತ್ ವಿರುದ್ಧ. 2025ರಲ್ಲಿ ಭಾರತವೇ ಅತಿಥಿಯಾಗಿ ಮಧ್ಯ ಏಷ್ಯಾದ ನೇಷನ್ಸ್ ಕಪ್‌ಗೆ ಹೋಗಿ ಮೂರನೇ ಸ್ಥಾನ ಪಡೆಯಿತು. ದಕ್ಷಿಣ ಏಷ್ಯಾದ ತಂಡಗಳಿಗೆ ಇಂಥ ಆಹ್ವಾನಗಳು ಬಹಳ ಅಗತ್ಯ. ಬಲಿಷ್ಠರ ಎದುರು ಆಡದೆ ಆಟ ಬೆಳೆಯುವುದಿಲ್ಲ.

ಹಂತ 5: ಗೆದ್ದರೆ ಮುಂದೇನು?

ನಿಯಮಾವಳಿಯಲ್ಲಿ ‘ಅರ್ಹತೆ’ ಕುರಿತ ಕಲಮು ಹುಡುಕಿ. ಬಹಳ ಜನ ನಿರೀಕ್ಷಿಸುವ ಉತ್ತರ ಅಲ್ಲಿರುವುದಿಲ್ಲ. ಏಷ್ಯಾ ಕಪ್ ಅಥವಾ ಯೂರೊ ಗೆದ್ದ ಪುರುಷರ ತಂಡಕ್ಕೆ ವಿಶ್ವಕಪ್ ಟಿಕೆಟ್ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಹತಾ ಸುತ್ತು ಇದೆ. ಸ್ಯಾಫ್ ಗೆದ್ದರೆ ಏಷ್ಯಾ ಕಪ್‌ಗೂ ದಾರಿಯಿಲ್ಲ. ಮೊದಲು ಖಂಡಗಳ ಚಾಂಪಿಯನ್ನರಿಗೆಂದೇ ಕಾನ್ಫೆಡರೇಷನ್ಸ್ ಕಪ್ ಇತ್ತು. 2012ರ ಓಷಿಯಾನಿಯಾ ಚಾಂಪಿಯನ್ ಟಹೀಟಿ ಅದರ ಬಲದಿಂದ ಮರುವರ್ಷ ಸ್ಪೇನ್ ಎದುರು ಆಡಿ 0–10ರಿಂದ ಸೋತಿತು. ಆ ಟೂರ್ನಿ 2017ಕ್ಕೆ ನಿಂತಿತು.

ಮಹಿಳೆಯರ ಲೆಕ್ಕ ಬೇರೆ. 2026ರ ಮಹಿಳಾ ಏಷ್ಯಾ ಕಪ್ಪೇ 2027ರ ಮಹಿಳಾ ವಿಶ್ವಕಪ್‌ಗೆ ಏಷ್ಯಾದ ಅರ್ಹತಾ ಟೂರ್ನಿ. ಪುರುಷರ ನಿಯಮವನ್ನು ಅಲ್ಲಿಗೆ ಎಳೆದು ತರಬೇಡಿ.

ಒಂದೇ ಪಂದ್ಯ ಎರಡು ಟೂರ್ನಿಗಳ ಅರ್ಹತೆಗೆ ಲೆಕ್ಕವಾಗುವುದೂ ಉಂಟು. 2026ರ ವಿಶ್ವಕಪ್‌ಗೆ ಏಷ್ಯಾದ ಮೊದಲೆರಡು ಸುತ್ತುಗಳು 2027ರ ಏಷ್ಯಾ ಕಪ್‌ನ ಅರ್ಹತಾ ಸುತ್ತುಗಳೂ ಆಗಿದ್ದವು. ಎರಡನೇ ಸುತ್ತಿನ ಒಂಬತ್ತು ಗುಂಪುಗಳಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಎರಡು ಕಡೆಯೂ ಬಡ್ತಿ ಸಿಕ್ಕಿತು. ಉಳಿದವರು ಏಷ್ಯಾ ಕಪ್‌ಗಾಗಿ ಇನ್ನೊಂದು ಸುತ್ತು ಆಡಬೇಕಾಯಿತು. ಅಲ್ಲಿ ಆರು ಗುಂಪುಗಳು, ಗುಂಪಿಗೆ ನಾಲ್ಕು ತಂಡ, ಮೊದಲ ಸ್ಥಾನದವರಿಗೆ ಮಾತ್ರ ಪ್ರವೇಶ.

ಹಿಂಬಾಗಿಲೂ ಇರಬಹುದು. ಯೂರೊ 2024ರ ಅರ್ಹತಾ ಗುಂಪಿನಲ್ಲಿ ಜಾರ್ಜಿಯಾ ನಾಲ್ಕನೇ ಸ್ಥಾನಕ್ಕೆ ಕುಸಿದಿತ್ತು. ಆದರೆ ನೇಷನ್ಸ್ ಲೀಗ್‌ನಲ್ಲಿ ತನ್ನ ಗುಂಪು ಗೆದ್ದಿದ್ದರಿಂದ ಪ್ಲೇಆಫ್, ಅಂದರೆ ಉಳಿದ ಸ್ಥಾನಗಳಿಗಾಗಿ ನಡೆಯುವ ಪಂದ್ಯಗಳಲ್ಲಿ ಆಡುವ ಅವಕಾಶ ಸಿಕ್ಕಿತು. ಲಕ್ಸೆಂಬರ್ಗ್ ಮತ್ತು ಗ್ರೀಸ್ ತಂಡಗಳನ್ನು ದಾಟಿ ಮೊದಲ ಬಾರಿಗೆ ಯೂರೊಗೆ ಹೋಯಿತು, ಅಲ್ಲಿ ಪೋರ್ಚುಗಲ್ ತಂಡವನ್ನೇ 2–0ಯಿಂದ ಮಣಿಸಿತು. ಹಾಗಾಗಿ ಗುಂಪಿನ ಅಂಕಪಟ್ಟಿ ನೋಡಿದ ತಕ್ಷಣ ‘ಇವರ ಕಥೆ ಮುಗಿಯಿತು’ ಎನ್ನಬೇಡಿ.

2026ರ ವಿಶ್ವಕಪ್‌ಗೆ ಸ್ಥಾನ ಹಂಚಿಕೆ ಹೀಗಿದೆ: ಯುರೋಪ್ 16, ಆಫ್ರಿಕಾ 9, ಏಷ್ಯಾ 8, ದಕ್ಷಿಣ ಅಮೆರಿಕ 6, ಮೂರು ಆತಿಥೇಯರೂ ಸೇರಿ ಕಾನ್‌ಕಕಾಫ್ 6, ಓಷಿಯಾನಿಯಾ 1. ಉಳಿದ ಎರಡು ಸ್ಥಾನ ಅಂತರಖಂಡೀಯ ಪ್ಲೇಆಫ್‌ಗೆ. ಒಟ್ಟು 48. ಓಷಿಯಾನಿಯಾಕ್ಕೆ ಖಚಿತ ಸ್ಥಾನ ಸಿಕ್ಕಿದ್ದು ಇದೇ ಮೊದಲು. ಬಹಳ ಹಿಂದೆಯೇ ಸಿಗಬೇಕಿತ್ತು.

ಹಂತ 6: ಕ್ಯಾಲೆಂಡರ್ ಮತ್ತು ರ‍್ಯಾಂಕಿಂಗ್ ತೂಕ ಹೊಂದಿಸಿ ನೋಡಿ

ಫಿಫಾ ಪ್ರತಿ ವರ್ಷ ಕೆಲವು ದಿನಗಳನ್ನು ರಾಷ್ಟ್ರೀಯ ತಂಡಗಳಿಗಾಗಿ ಮೀಸಲಿಡುತ್ತದೆ. ಇದನ್ನು ‘ಫಿಫಾ ವಿಂಡೊ’ ಎನ್ನುತ್ತಾರೆ. ಆ ದಿನಗಳಲ್ಲಿ, ಮತ್ತು ಏಷ್ಯಾ ಕಪ್‌ನಂಥ ಖಂಡೀಯ ಟೂರ್ನಿಯ ಪ್ರಧಾನ ಹಂತಕ್ಕೆ, ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲೇಬೇಕು. ವಿಂಡೊ ಹೊರಗೆ ನಡೆಯುವ ಉಪವಲಯ ಟೂರ್ನಿಗೆ ಈ ಕಡ್ಡಾಯವಿಲ್ಲ. ಆಗ್ನೇಯ ಏಷ್ಯಾದ 2024ರ ಚಾಂಪಿಯನ್‌ಷಿಪ್ ಡಿಸೆಂಬರ್‌ನಿಂದ ಜನವರಿಯವರೆಗೆ ವಿಂಡೊ ಹೊರಗೇ ನಡೆಯಿತು. ಇಂಥ ಟೂರ್ನಿಗಳಲ್ಲಿ ಮುಖ್ಯ ಆಟಗಾರ ಕಾಣದಿದ್ದರೆ ‘ದೇಶಕ್ಕಾಗಿ ಆಡಲಿಲ್ಲ’ ಎಂದು ಅವನನ್ನು ದೂರುವ ಮೊದಲು ದಿನಾಂಕ ನೋಡಿ.

ರ‍್ಯಾಂಕಿಂಗ್‌ನಲ್ಲೂ ಇದೇ ಭೇದ. 2018ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ಪ್ರತಿ ಪಂದ್ಯಕ್ಕೂ ಒಂದು ತೂಕವಿದೆ. ವಿಂಡೊ ಹೊರಗಿನ ಸ್ನೇಹಪರ ಪಂದ್ಯಕ್ಕೆ 5, ವಿಂಡೊ ಒಳಗಿನದಕ್ಕೆ 10, ನೇಷನ್ಸ್ ಲೀಗ್ ಗುಂಪು ಪಂದ್ಯಕ್ಕೆ 15, ವಿಶ್ವಕಪ್ ಮತ್ತು ಖಂಡೀಯ ಟೂರ್ನಿಗಳ ಅರ್ಹತಾ ಪಂದ್ಯಕ್ಕೆ 25. ಖಂಡೀಯ ಟೂರ್ನಿಯ ಪ್ರಧಾನ ಹಂತದಲ್ಲಿ ಕ್ವಾರ್ಟರ್‌ಫೈನಲ್‌ಗೆ ಮೊದಲು 35, ಅಲ್ಲಿಂದ ಮುಂದೆ 40. ವಿಶ್ವಕಪ್‌ನಲ್ಲಿ ಇದೇ ಕ್ರಮದಲ್ಲಿ 50 ಮತ್ತು 60. ಉಪವಲಯ ಟೂರ್ನಿಯ ಪಂದ್ಯಗಳು ಸ್ನೇಹಪರ ಪಂದ್ಯಗಳ ತೂಕದಲ್ಲೇ ಲೆಕ್ಕವಾಗುತ್ತವೆ. ಎದುರಾಳಿ ನಿಮಗಿಂತ ದುರ್ಬಲನಾಗಿದ್ದರೆ ಗೆಲುವಿನ ಅಂಕ ಇನ್ನೂ ಕಡಿಮೆ. ಟ್ರೋಫಿ ಗೆದ್ದರೂ ರ‍್ಯಾಂಕಿಂಗ್ ಅಲುಗಾಡಲಿಲ್ಲವೇಕೆ ಎಂದು ಕೇಳುವವರಿಗೆ ಉತ್ತರ ಇದರಲ್ಲಿದೆ.

ಹಂತ 7: ಸಮಬಲ ಮುರಿಯುವ ನಿಯಮವನ್ನು ಮೊದಲ ಪಂದ್ಯಕ್ಕೂ ಮುಂಚೆ ಓದಿ

ಎರಡು ತಂಡಗಳ ಅಂಕ ಸಮವಾದರೆ ಯಾರು ಮೇಲೆ? ಒಂದೊಂದು ಸಂಸ್ಥೆಯದು ಒಂದೊಂದು ಕ್ರಮ. ಯೂರೊ ಮತ್ತು ಏಷ್ಯಾ ಕಪ್‌ನಲ್ಲಿ ಮೊದಲು ನೋಡುವುದು ಆ ತಂಡಗಳ ಪರಸ್ಪರ ಮುಖಾಮುಖಿಯ ಫಲಿತಾಂಶ. 2022ರ ವಿಶ್ವಕಪ್‌ನಲ್ಲಿ ಮೊದಲು ಬಂದದ್ದು ಗೋಲು ಅಂತರ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿದದ್ದು. ಕೊನೆಯ ಪಂದ್ಯದಲ್ಲಿ 1–0 ಸಾಕೋ, 3–0 ಬೇಕೋ ಎಂಬುದು ಇದರ ಮೇಲೆ ನಿಂತಿದೆ.

ನಿಯಮವನ್ನು ಯೋಚಿಸದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ 1994ರ ಜನವರಿಯ ಕೆರಿಬಿಯನ್ ಕಪ್ ಅರ್ಹತಾ ಪಂದ್ಯವನ್ನು ನೋಡಬೇಕು. ಗುಂಪು ಹಂತದಲ್ಲೂ ಡ್ರಾ ಇರಬಾರದು, ಹೆಚ್ಚುವರಿ ಸಮಯದಲ್ಲಿ ಹೊಡೆದ ‘ಗೋಲ್ಡನ್ ಗೋಲ್’ ಪಂದ್ಯವನ್ನು ಮುಗಿಸುವುದಲ್ಲದೆ ಎರಡು ಗೋಲುಗಳಿಗೆ ಸಮ ಎಂದು ನಿಯಮ. ಮುಂದಕ್ಕೆ ಹೋಗಲು ಬಾರ್ಬಡೋಸ್ ಗ್ರೆನಡಾವನ್ನು ಎರಡು ಗೋಲುಗಳ ಅಂತರದಿಂದ ಸೋಲಿಸಬೇಕಿತ್ತು. 2–0 ಮುನ್ನಡೆಯಲ್ಲಿತ್ತು ಕೂಡ. 83ನೇ ನಿಮಿಷದಲ್ಲಿ ಗ್ರೆನಡಾ ಒಂದು ಗೋಲು ಹೊಡೆಯಿತು, 2–1. ಇದೇ ಅಂತರ ಉಳಿದರೆ ಬಾರ್ಬಡೋಸ್ ಗೆದ್ದೂ ಹೊರಗೆ. ಉಳಿದ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಗೋಲು ಕಷ್ಟ, ಆದರೆ ಪಂದ್ಯ ಸಮವಾದರೆ ಅರ್ಧ ಗಂಟೆ ಹೆಚ್ಚುವರಿ ಸಿಗುತ್ತದೆ, ಅಲ್ಲಿ ಒಂದು ಗೋಲು ಎರಡಾಗುತ್ತದೆ. 87ನೇ ನಿಮಿಷದಲ್ಲಿ ಬಾರ್ಬಡೋಸ್ ಆಟಗಾರರು ಚೆಂಡನ್ನು ತಮ್ಮದೇ ಬಲೆಗೆ ಹೊಡೆದರು, 2–2. ಈಗ ಲೆಕ್ಕ ಗ್ರೆನಡಾಕ್ಕೆ ಹೊಳೆಯಿತು: ಯಾವ ಬಲೆಗೆ ಹೊಡೆದರೂ ತಮಗೆ ಲಾಭ, ಒಂದು ಗೋಲಿನಿಂದ ಸೋತರೂ ಮುಂದಿನ ಸುತ್ತು ಖಚಿತ. ಪಂದ್ಯದ ಕೊನೆಯವರೆಗೆ ಬಾರ್ಬಡೋಸ್ ಎರಡೂ ಗೋಲುಪೆಟ್ಟಿಗೆಗಳನ್ನು ಕಾಯಬೇಕಾಯಿತು! ಹೆಚ್ಚುವರಿ ಸಮಯದಲ್ಲಿ ಗೋಲ್ಡನ್ ಗೋಲ್ ಬಿದ್ದು 4–2, ಬಾರ್ಬಡೋಸ್ ಒಳಗೆ. ಆ ಆಟಗಾರರು ಯಾವ ನಿಯಮವನ್ನೂ ಮುರಿಯಲಿಲ್ಲ. ತಪ್ಪಿದ್ದದ್ದು ನಿಯಮದಲ್ಲೇ.

1998ರ ಟೈಗರ್ ಕಪ್‌ನದು ಇನ್ನೊಂದು ಬಗೆ. ಥಾಯ್ಲೆಂಡ್ ಮತ್ತು ಇಂಡೊನೇಷ್ಯಾ ಎರಡೂ ಅದಾಗಲೇ ಸೆಮಿಫೈನಲ್ ತಲುಪಿದ್ದವು. ಗುಂಪಿನಲ್ಲಿ ಮೊದಲಿಗರಾದವರು ಆತಿಥೇಯ ವಿಯೆಟ್ನಾಂ ವಿರುದ್ಧ ಆಡಬೇಕು, ಹಾಗಾಗಿ ಇಬ್ಬರಿಗೂ ಗೆಲುವು ಬೇಡವಾಗಿತ್ತು. ಅವರಿಬ್ಬರ ನಡುವಿನ ಪಂದ್ಯ 2–2 ಇದ್ದಾಗ ಇಂಡೊನೇಷ್ಯಾದ ಡಿಫೆಂಡರ್ ಬೇಕೆಂದೇ ತನ್ನ ಬಲೆಗೆ ಚೆಂಡು ತಳ್ಳಿದ. ಫಿಫಾ ಎರಡೂ ಸಂಸ್ಥೆಗಳಿಗೆ ತಲಾ 40,000 ಡಾಲರ್ ದಂಡ ಹಾಕಿತು, ಆ ಆಟಗಾರನಿಗೆ ಅಂತರರಾಷ್ಟ್ರೀಯ ಪಂದ್ಯಗಳಿಂದ ಆಜೀವ ನಿಷೇಧ. ಸೆಮಿಫೈನಲ್‌ನಲ್ಲಿ ಎರಡೂ ತಂಡಗಳು ಸೋತವು. ಬಾರ್ಬಡೋಸ್ ಗೆಲ್ಲಲು ಹಾಗೆ ಮಾಡಿತು, ಇವರು ಸೋಲಲು ಮಾಡಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ.

ನೀವೇ ಊರಿನಲ್ಲೋ ಕಾಲೇಜಿನಲ್ಲೋ ಟೂರ್ನಿ ನಡೆಸುವವರಾದರೆ ಇದರಿಂದ ಎರಡು ಕೆಲಸ ಮಾಡಿಕೊಳ್ಳಿ: ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆರಂಭಿಸಿ, ಮತ್ತು ಗೋಲಿಗೆ ಗೋಲಿನಷ್ಟೇ ಬೆಲೆ ಕೊಡಿ.

ಹಂತ 8: ಆಟಗಾರ ಅರ್ಹನೇ? ಸಂಸ್ಥೆ ಅಮಾನತಿನಲ್ಲಿದೆಯೇ?

ಖಂಡೀಯ ಒಕ್ಕೂಟದ ಸದಸ್ಯರೆಲ್ಲ ಫಿಫಾ ಸದಸ್ಯರಲ್ಲ. ಫ್ರೆಂಚ್ ಗಯಾನಾ ಕಾನ್‌ಕಕಾಫ್‌ನಲ್ಲಿದೆ, ಫಿಫಾದಲ್ಲಿಲ್ಲ. ಫ್ರಾನ್ಸ್ ಪರ 80 ಪಂದ್ಯ ಆಡಿದ್ದ ಫ್ಲೋರೆಂಟ್ ಮಲೂಡಾ 2017ರಲ್ಲಿ ತಾನು ಹುಟ್ಟಿದ ಆ ನೆಲದ ಪರ ಕೆರಿಬಿಯನ್ ಕಪ್‌ನಲ್ಲಿ ಆಡಿದರು, ಯಾರದೂ ಆಕ್ಷೇಪವಿರಲಿಲ್ಲ. ಮುಂದಿನ ತಿಂಗಳು ಗೋಲ್ಡ್ ಕಪ್‌ನಲ್ಲಿ ಹೊಂಡುರಾಸ್ ವಿರುದ್ಧ ಅದೇ ತಂಡಕ್ಕೆ ಆಡಿದಾಗ ಕಾನ್‌ಕಕಾಫ್ ಅವರನ್ನು ಅನರ್ಹರೆಂದಿತು. ಗೋಲ್ಡ್ ಕಪ್‌ಗೆ ಫಿಫಾದ ಅರ್ಹತಾ ನಿಯಮ ಅನ್ವಯಿಸುತ್ತಿತ್ತು. 0–0 ಡ್ರಾ ಆಗಿದ್ದ ಪಂದ್ಯ ಹೊಂಡುರಾಸ್‌ಗೆ 3–0 ಗೆಲುವಾಯಿತು, ಮಲೂಡಾಗೆ ಎರಡು ಪಂದ್ಯಗಳ ನಿಷೇಧ. ಸಂಘಟಕರು ಬದಲಾದರೆ ಅರ್ಹತೆ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಅಮಾನತನ್ನೂ ಪರಿಶೀಲಿಸಿ. ಸರ್ಕಾರ ಅಥವಾ ಹೊರಗಿನವರು ರಾಷ್ಟ್ರೀಯ ಸಂಸ್ಥೆಯ ಆಡಳಿತಕ್ಕೆ ಕೈಹಾಕಿದರೆ ಫಿಫಾ ಅದನ್ನು ‘ಮೂರನೆಯವರ ಹಸ್ತಕ್ಷೇಪ’ ಎಂದು ಪರಿಗಣಿಸಿ ಸದಸ್ಯತ್ವ ಅಮಾನತುಗೊಳಿಸುತ್ತದೆ. ಆಗ ಆ ದೇಶದ ರಾಷ್ಟ್ರೀಯ ತಂಡಕ್ಕೂ ಕ್ಲಬ್‌ಗಳಿಗೂ ಅಂತರರಾಷ್ಟ್ರೀಯ ಟೂರ್ನಿಗಳ ಬಾಗಿಲು ಮುಚ್ಚಿತು. 2023ರ ಸ್ಯಾಫ್‌ನಲ್ಲಿ ಶ್ರೀಲಂಕಾ ಕಾಣದಿದ್ದುದು ಇದಕ್ಕೇ. 2022ರ ಆಗಸ್ಟ್‌ನಲ್ಲಿ ಭಾರತದ ಸಂಸ್ಥೆಯನ್ನು ಅಮಾನತು ಮಾಡಿದಾಗ ಗೋಕುಲಂ ಕೇರಳದ ಮಹಿಳಾ ತಂಡ ಎಎಫ್‌ಸಿ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್‌ಗಾಗಿ ಅದಾಗಲೇ ತಾಷ್ಕೆಂಟ್ ತಲುಪಿತ್ತು. ಒಂದೂ ಪಂದ್ಯ ಆಡದೆ ಆ ಆಟಗಾರ್ತಿಯರು ವಾಪಸಾದರು. ಅಮಾನತು ಹನ್ನೆರಡು ದಿನವೂ ಇರಲಿಲ್ಲ, ಆಗಸ್ಟ್ 26ಕ್ಕೆ ತೆರವಾಯಿತು. ಅಷ್ಟರಲ್ಲಿ ಅವರ ಟೂರ್ನಿ ಕೈತಪ್ಪಿತ್ತು. ಆಡಳಿತಗಾರರ ಜಗಳಕ್ಕೆ ಬೆಲೆ ತೆತ್ತದ್ದು ಅದರಲ್ಲಿ ಯಾವ ಪಾತ್ರವೂ ಇಲ್ಲದವರು.

ಅಮಾನತಿನ ಸ್ಥಿತಿಗತಿಗೆ ಫಿಫಾ ಜಾಲತಾಣದ ಪ್ರಕಟಣೆಗಳನ್ನೇ ನೋಡಿ, ಜಾಲತಾಣಗಳಲ್ಲಿ ಹರಿದಾಡುವ ಹಳೆಯ ಸುದ್ದಿ ತುಣುಕುಗಳನ್ನಲ್ಲ. ತೆರವಾದ ಮೇಲೂ ‘ಅಮಾನತು’ ಎಂಬ ಶೀರ್ಷಿಕೆ ತಿಂಗಳುಗಟ್ಟಲೆ ಓಡಾಡುತ್ತಿರುತ್ತದೆ. ಪ್ರಕಟಣೆಯ ದಿನಾಂಕವನ್ನು ಟೂರ್ನಿಯ ಡ್ರಾ (ಚೀಟಿ ಎತ್ತಿ ತಂಡಗಳನ್ನು ಗುಂಪುಗಳಿಗೆ ಹಂಚುವುದು) ನಡೆದ ದಿನಾಂಕದೊಂದಿಗೆ ಹೋಲಿಸಿದರೆ ಆ ತಂಡ ಪಟ್ಟಿಯಲ್ಲಿ ಯಾಕಿದೆ, ಯಾಕಿಲ್ಲ ಎಂಬುದು ತಿಳಿಯುತ್ತದೆ.